ಒಂದೇ ಉಸಿರಿನ ಎಣಿಕೆ

ಜನವರಿಯ ಮೊದಲ ಮಂಗಳವಾರ ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಮುತ್ತವ್ವ ಇಳಕಲ್ಲಿನ ತನ್ನ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತು, ಒಂದೇ ಉಸಿರಿನಲ್ಲಿ ಎಣಿಸುತ್ತಿದ್ದಳು. ಗಂಡ ಅಮೀನಪ್ಪ ಮಗ್ಗಕ್ಕೆ ಇಳಿಯುವ ಮೊದಲಿನ ಚಹಾ ಕುಡಿಯುತ್ತ ಬಾಗಿಲಲ್ಲಿ ಕುಳಿತಿದ್ದ. ಮಗಳು ಪ್ರಿಯದರ್ಶಿನಿ ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಕಾಯುತ್ತಿದ್ದಳು. ಅವಳು ಹುನಗುಂದದ ಕಾಲೇಜಿಗೆ ಹೋಗುವ ಬಸ್ಸು ಹಿಡಿಯಬೇಕಿತ್ತು. ಮುತ್ತವ್ವನ ಸ್ವರ ಸಣ್ಣದಾಗುತ್ತ ಹೋಗಿ ಒಂದು ಕಡೆ ನಿಂತಿತು. ಅವಳು ಕಣ್ಣು ತೆರೆದು, ಎರಡು ಸಲ ಗಾಳಿ ಎಳೆದುಕೊಂಡು, "ಇಪ್ಪತ್ನಾಕ," ಎಂದಳು.

"ನಿನ್ನೆ ಇಪ್ಪತ್ತಾರ ಇತ್ತಲ್ಲವಾ?"

"ಚಳಿ ಐತಿ. ಹಾಕು."

ಪ್ರಿಯದರ್ಶಿನಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ 'ಮುತ್ತವ್ವ, ೨೪' ಎಂದು ಹಾಕಿದಳು. ಸ್ವಲ್ಪ ಹೊತ್ತಿಗೆ ಬಾಗಲಕೋಟೆಯ ಅಯೂಬನ ಧ್ವನಿ ಸಂದೇಶ ಬಂತು. ಮಾತಿನ ನಡುವೆ ನಿಂತು ನಿಂತು ಅವನು ಹೇಳಿದ್ದ: "ಅಕ್ಕಾರ, ನೀವು ಬಿದ್ರೂ ಇಪ್ಪತ್ನಾಕಕ್ಕ ಬೀಳ್ತೀರಿ. ನಮ್ಮ ಗಾಡಿ... ಇಪ್ಪತ್ತಕ್ಕ ಬಂದ್ ಆಗತೈತಿ. ಮುಂಜಾನೆ ಏನ್ ತಿಂತೀರಿ ಒಂದೀಟ ಹೇಳ್ರೆಲಾ."

ಮುತ್ತವ್ವ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ಉತ್ತರ ಕೊಟ್ಟಳು: "ತಂಗಳ ರೊಟ್ಟಿ, ಮತ್ತ ನಮ್ಮ ಮನಿಯವರ ಬೈಗಳ."

ಅಮೀನಪ್ಪ ಬಾಗಿಲಲ್ಲೇ ಕುಳಿತು, "ನಾ ಯಾವಾಗ ಬೈದೇನಿ?" ಎಂದ. ಆ ಮಾತೂ ಸಂದೇಶದೊಳಗೆ ಸೇರಿ ಹೋಯಿತು. ಅದನ್ನು ಕೇಳಿ ಮೂವತ್ತು ಮಂದಿಯ ಗುಂಪಿನಲ್ಲಿ ಅಂದು ಬೆಳಿಗ್ಗೆ ಎಷ್ಟು ಜನ ನಕ್ಕರೋ, ನಕ್ಕವರಲ್ಲಿ ಎಷ್ಟು ಜನರಿಗೆ ಕೆಮ್ಮು ಬಂತೋ.

ಆ ಗುಂಪಿನ ಎಲ್ಲರಿಗೂ ಇದ್ದದ್ದು ಒಂದೇ ಬಗೆಯ ಕಾಯಿಲೆ. ಮೆತ್ತಗೆ ಉಬ್ಬಿ ಇಳಿಯಬೇಕಾದ ಶ್ವಾಸಕೋಶ ಗಾಯದ ಕಲೆಯ ಹಾಗೆ ಮೆಲ್ಲನೆ ಗಟ್ಟಿಯಾಗುತ್ತ ಹೋಗುತ್ತದೆ. ಒಳಗೆ ಹೋಗುವ ಗಾಳಿ ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ಕೆಲವರಿಗೆ ಕಲ್ಲಿನ ಪುಡಿಯಿಂದ, ಕೆಲವರಿಗೆ ಕಾಳಿನ ದೂಳಿನಿಂದ ಬಂದಿತ್ತು. ಮುತ್ತವ್ವನಂಥ ಹಲವರಿಗೆ ಯಾವುದರಿಂದ ಬಂತೆಂದು ಡಾಕ್ಟರಿಗೂ ಖಚಿತವಿರಲಿಲ್ಲ. ಗಟ್ಟಿಯಾದ ಭಾಗ ಮತ್ತೆ ಮೆತ್ತಗಾಗುವುದಿಲ್ಲ. ಗಟ್ಟಿಯಾಗುವುದನ್ನು ನಿಧಾನ ಮಾಡುವ ಗುಳಿಗೆಗಳಿವೆ. ಅವನ್ನು ಸರಿಯಾದ ಸಮಯಕ್ಕೆ ಶುರು ಮಾಡಬೇಕು. ಆ ಸಮಯ ಯಾವುದೆಂದು ತಿಳಿಯುವುದೇ ಕಷ್ಟ.

ಗುಂಪು ಕಟ್ಟಿದವರು ಹುನಗುಂದದ ಶಂಕ್ರಪ್ಪ, ಗೊಬ್ಬರ-ಬೀಜದ ಅಂಗಡಿಯವರು. ಗ್ರಾನೈಟ್ ಪಾಲಿಶ್ ಕೆಲಸದ ಅಯೂಬ ಒಮ್ಮೆ ಬಾಗಲಕೋಟೆಯ ಒಂದು ಆಸ್ಪತ್ರೆಯ ಮೊಗಸಾಲೆಯಲ್ಲಿ ಅವರ ಪಕ್ಕದಲ್ಲಿ ಕುಳಿತಿದ್ದ. ಇಬ್ಬರೂ ಮಾತಾಡುವಾಗ ಒಂದೇ ಜಾಗದಲ್ಲಿ ಉಸಿರಿಗಾಗಿ ನಿಲ್ಲುತ್ತಿದ್ದರು, ಅದರಿಂದಲೇ ಗುರುತಾಯಿತು. ಶಂಕ್ರಪ್ಪ ಗುಂಪಿಗೆ 'ಶ್ವಾಸಬಂಧು' ಎಂದು ಹೆಸರಿಟ್ಟರು. ಅಯೂಬ ಅದನ್ನು 'ದಮ್ಮಿನ ಮಂದಿ' ಎಂದು ಕರೆದ, ಉಳಿದದ್ದು ಅದೇ. ಬಾದಾಮಿಯಿಂದ, ಮರೋಳದಿಂದ, ತುಳಸಿಗೇರಿಯಿಂದ ಒಬ್ಬೊಬ್ಬರೇ ಬಂದು ಸೇರಿದರು. ಒಬ್ಬರ ಮುಖ ಒಬ್ಬರು ನೋಡಿದ್ದು ಕಡಿಮೆ.

ಎಣಿಕೆ ಕಲಿಸಿದವಳು ಅದೇ ಆಸ್ಪತ್ರೆಯಲ್ಲಿ ಉಸಿರಾಟದ ವ್ಯಾಯಾಮ ಮಾಡಿಸುವ ಶೈಲಾ. ಉಸಿರು ತುಂಬಿಕೊಳ್ಳಬೇಕು, ಒಂದೇ ವೇಗದಲ್ಲಿ ಬಾಯಿಬಿಟ್ಟು ಎಣಿಸಬೇಕು, ನಡುವೆ ಗಾಳಿ ಎಳೆದುಕೊಳ್ಳಬಾರದು. ಆರೋಗ್ಯವಂತರು ನಲವತ್ತರ ಆಚೆಗೆ ಹೋಗುತ್ತಾರೆ. ಈ ಗುಂಪಿನವರ ಮಟ್ಟಿಗೆ ಅವಳು ಒಂದು ಗೆರೆ ಎಳೆದು ಕೊಟ್ಟಿದ್ದಳು: ಹದಿನೈದಕ್ಕಿಂತ ಕೆಳಗೆ ಬಂದರೆ ಆ ದಿನವೇ ಆಸ್ಪತ್ರೆಗೆ ಬರಬೇಕು. ಇದು ಯಂತ್ರದ ಪರೀಕ್ಷೆಗೆ ಬದಲಿಯಲ್ಲ ಎಂದೂ ಹೇಳಿದ್ದಳು. ಮೊದಲು ಎಲ್ಲರೂ ಎಣಿಕೆಯನ್ನು ಧ್ವನಿಯಲ್ಲೇ ಕಳಿಸುತ್ತಿದ್ದರು. ತಿಂಗಳೊಳಗೆ ಜಗಳವಾಯಿತು. "ಎದ್ದ ಕೂಡ್ಲೆ ಇಪ್ಪತ್ತ ಮಂದಿ ಕೆಮ್ಮ ಕೇಳಿದ್ರ ನಮಗೂ ಬರತೈತ್ರಿ," ಎಂದು ಅಯೂಬ ತಕರಾರು ತೆಗೆದ. ಮೊಬೈಲುಗಳೂ ತುಂಬಿ ನಿಂತಿದ್ದವು. ಅಂದಿನಿಂದ ಬೆಳಗಿನ ಎಣಿಕೆಗೆ ಅಂಕಿಯಷ್ಟೇ ಸಾಕು ಎಂದಾಯಿತು. ಮುತ್ತವ್ವ ಸೇರಿದ್ದು ಆಮೇಲೆ.

ಅವಳು ಹುಟ್ಟಿದ್ದೂ ನೇಕಾರರ ಮನೆಯಲ್ಲಿ, ಬಂದು ಸೇರಿದ್ದೂ ನೇಕಾರರ ಮನೆಗೆ. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಗಂಟು ಹಾಕಿ ಕೂಡಿಸುವುದಿಲ್ಲ. ಎಳೆಗಳನ್ನು ಮಡಚಿ ಕೊಂಡಿ ಮಾಡಿ, ಕೊಂಡಿಯೊಳಗೆ ಕೊಂಡಿ ಸಿಕ್ಕಿಸುತ್ತಾರೆ. ಒಂದೊಂದು ಸೀರೆಗೂ ಇದನ್ನು ಹೊಸದಾಗಿ ಮಾಡಬೇಕು. ಮುತ್ತವ್ವನದು ಆ ಕೆಲಸ. ತಾಯಿಯ ತೊಡೆಯ ಪಕ್ಕ ಕುಳಿತು ಕಲಿತದ್ದು. ಶಾಲೆಗೆ ಹೋಗಿ ಅಕ್ಷರ ಕಲಿಯುವುದಕ್ಕಿಂತ ಮೊದಲೇ ಕೈ ಕಲಿತಿತ್ತು. ನೇಯುವವನ ಹೆಸರು ಸೀರೆಯ ಜೊತೆ ಅಂಗಡಿಯವರೆಗಾದರೂ ಹೋಗುತ್ತದೆ. ಕೊಂಡಿ ಹಾಕಿದವಳ ಹೆಸರು ಹೊಸ್ತಿಲು ದಾಟುವುದಿಲ್ಲ. ಅದರ ಬಗ್ಗೆ ಅವಳು ಎಂದೂ ಬೇಸರ ಮಾಡಿಕೊಂಡವಳಲ್ಲ ಎಂದು ಪ್ರಿಯದರ್ಶಿನಿ ಹೇಳುತ್ತಾಳೆ. ಬೇಸರವಾಗಿದ್ದು ಬೇರೆಯದಕ್ಕೆ.

ಕೆಮ್ಮು ಶುರುವಾದಾಗ ಓಣಿಯವರು ಅದನ್ನು ಕ್ಷಯವೆಂದುಕೊಂಡರು. ಕಫದ ಪರೀಕ್ಷೆಯಲ್ಲಿ ಕ್ಷಯವಿಲ್ಲ ಎಂದು ಬಂದ ಮೇಲೂ ಅಂದುಕೊಳ್ಳುವುದನ್ನು ಬಿಡಲಿಲ್ಲ. ಪಕ್ಕದ ಮನೆಯ ಮಹಾನಂದಾ ಕಟ್ಟೆಗೆ ಬಂದು ಕೂಡುವುದನ್ನು ನಿಲ್ಲಿಸಿದಳು. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಶ್ರಾವಣದ ಶುಕ್ರವಾರ ಓಣಿಯ ಮುತ್ತೈದೆಯರನ್ನೆಲ್ಲ ಉಡಿ ತುಂಬಲು ಕರೆದ ಮಹಾನಂದಾ, ಮುತ್ತವ್ವನ ಬಾಗಿಲು ಬಿಟ್ಟು ಮುಂದಿನ ಬಾಗಿಲಿಗೆ ಹೋದಳು. ಮುತ್ತವ್ವ ಅಂದು ಮಡಿ ಸೀರೆ ಉಟ್ಟು ಕಾದಿದ್ದಳು. ಸಂಜೆಗೆ ಅದನ್ನು ಬಿಚ್ಚಿ, ಮಡಚಿ, ಪೆಟ್ಟಿಗೆಯಲ್ಲಿಟ್ಟಳು.

ಬಾಗಲಕೋಟೆಯಲ್ಲಿ ಸ್ಕ್ಯಾನ್ ಮಾಡಿಸಿ ಕಾಯಿಲೆಯ ಹೆಸರು ತಿಳಿದ ದಿನ ಶೈಲಾ ರಜೆಯಲ್ಲಿದ್ದಳು. ಸಾಲಿನಲ್ಲಿ ಹಿಂದೆ ಕುಳಿತಿದ್ದ ಶಂಕ್ರಪ್ಪ ತಾವೇ ಮಾತಾಡಿಸಿ ಗುಂಪಿಗೆ ಸೇರಿಸಿಕೊಂಡರು. ಎಣಿಕೆಯ ರೀತಿಯನ್ನು ಮರುದಿನ ಫೋನಿನಲ್ಲಿ ಹೇಳಿಕೊಟ್ಟರು.

"ಉಸಿರ ತುಂಬ ತಗೋರಿ. ಒಂದs ಸಮ ಎಣಸ್ಕೋತ ಹೋಗ್ರಿ. ಎಲ್ಲಿ ನಿಲ್ತೈತಿ, ಅಷ್ಟ ಅಂತ ಹಾಕ್ರಿ. ಭಾಳ ಸರಳ ಐತಿ."

"ಎಣಸೋದು ನನಗ ಕಲಸ್ತೀರೇನ್ರಿ ಅಣ್ಣಾರ? ಹಾಲ ಹಲ್ಲ ಬೀಳೂದ್ರಾಗ ಎಣಸಾಕ ಕುಂತಾಕಿ ನಾ."

ಶಂಕ್ರಪ್ಪ ನಕ್ಕರು. ಇನ್ನೇನನ್ನೂ ಕೇಳಲಿಲ್ಲ. ಆ ದಿನ ಮುತ್ತವ್ವ ಮೂವತ್ತಾರು ಎಂದು ಹಾಕಿಸಿದಳು. ಗುಂಪಿನಲ್ಲಿ ಯಾರೂ ಅಷ್ಟು ದೂರ ಹೋದವರಿರಲಿಲ್ಲ.

ಅಂದಿನಿಂದ ಅವಳು ಬಯಸದೆಯೇ ಅವಳೊಂದು ಉದಾಹರಣೆಯಾದಳು. ಯಾರಾದರೂ ಹಾಸಿಗೆ ಬಿಟ್ಟೇಳಲು ಬೇಸರಪಟ್ಟರೆ ಶಂಕ್ರಪ್ಪ, "ಇಳಕಲ್ಲ ಮುತ್ತವ್ವನ ನೋಡ್ರಿ" ಎನ್ನುತ್ತಿದ್ದರು. ಅಯೂಬ ಕೆಲಸ ಬಿಟ್ಟ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ. ಆಗ ಅವನದು ಹದಿನಾರು. ಇಳಕಲ್ಲಿನ ಹೆಂಗಸಿನ ಅಂಕಿ ದಿನಾ ನೋಡಿ ನಾಚಿಕೆಯಾಗಿ ಎದ್ದು, ಶೈಲಾ ಹೇಳಿದ ವ್ಯಾಯಾಮ ಮಾಡಿ, ನವನಗರದ ರಸ್ತೆಯಲ್ಲಿ ಗಿಡದಿಂದ ಗಿಡಕ್ಕೆ ನಡೆಯಲು ಶುರು ಮಾಡಿದ.

ಮುತ್ತವ್ವನಿಗೆ ಗುಂಪು ಕೊಟ್ಟದ್ದು ಬೇರೆ. ರಾಮಥಾಳದ ಗುರುಲಿಂಗವ್ವ ಅವಳಿಗೆ ಸಿಕ್ಕಳು. ಅರವತ್ತರ ಹೆಂಗಸು, ಹೊಲ, ಎಮ್ಮೆ, ಗಂಡ, ಸೊಸೆ ಎಲ್ಲವನ್ನೂ ಒಂದೇ ದನಿಯಲ್ಲಿ ಗದರುವವಳು. ಮಧ್ಯಾಹ್ನ ಊಟದ ನಂತರ ಇಬ್ಬರೂ ಧ್ವನಿ ಸಂದೇಶ ಕಳಿಸಿಕೊಳ್ಳುತ್ತಿದ್ದರು. ಉದ್ದ ಮಾತಾಡಲು ಇಬ್ಬರಿಗೂ ಆಗದು. ಒಬ್ಬಳು ಎರಡು ಮಾತು ಹೇಳಿ ನಿಲ್ಲಿಸುವುದು, ಇನ್ನೊಬ್ಬಳು ಎರಡು ಮಾತು ಸೇರಿಸುವುದು. ರೊಟ್ಟಿ ಬಡಿಯುವಾಗ ದಮ್ಮು ಹತ್ತುತ್ತದೆ ಎಂದು ಮುತ್ತವ್ವ ಹೇಳಿದ್ದಕ್ಕೆ ಗುರುಲಿಂಗವ್ವ ದಾರಿ ತೋರಿಸಿದಳು: "ಕೈ ಎತ್ತುವಾಗ ಉಸಿರ ತಗೋ, ಬಡಿಯುವಾಗ ಬಿಡು. ಅತ್ತಿ ಮ್ಯಾಲಿನ ಸಿಟ್ಟ ಬಿಟ್ಟಂಗ ಬಿಡು." ಮುತ್ತವ್ವ ಮಣೆ ಹಾಕಿಕೊಂಡು ಹಾಗೆ ಮಾಡಿದಳು. ರೊಟ್ಟಿಯೂ ಆಯಿತು, ದಮ್ಮೂ ಕಡಿಮೆಯಾಯಿತು.

ಶ್ರಾವಣದ ಆ ಸಂಗತಿಯನ್ನು ಅವಳು ಗಂಡನಿಗೆ ಹೇಳಿರಲಿಲ್ಲ, ಮಗಳಿಗೆ ಹೇಳಿರಲಿಲ್ಲ. ಗುರುಲಿಂಗವ್ವನಿಗೆ ಹೇಳಿದಳು. ಮುಂದಿನ ಶುಕ್ರವಾರ ಗುರುಲಿಂಗವ್ವ ವಿಡಿಯೊ ಕರೆ ಮಾಡಿದಳು. ತಟ್ಟೆಯಲ್ಲಿ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಬೇರು.

"ಸೆರಗ ಒಡ್ಡು."

"ಯಕ್ಕಾ, ಹುಚ್ಚೇನ ನಿನಗ? ಫೋನಿನಾಗ ಉಡಿ ತುಂಬ್ತಾರೇನ?"

"ಎದುರಿಗಿದ್ದಾಕಿ ತುಂಬಲಿಲ್ಲಲ್ಲ. ಒಡ್ಡು ಅಂದ್ನಿ ಒಡ್ಡಬೇಕು. ನನಗ ಕೈ ನೋಯ್ತೈತಿ."

ಮುತ್ತವ್ವ ಪೆಟ್ಟಿಗೆಯಿಂದ ಅದೇ ಮಡಿ ಸೀರೆ ತೆಗೆದು ಉಟ್ಟು, ಮೊಬೈಲನ್ನು ಗೋಡೆಗೆ ಆನಿಸಿಟ್ಟು, ಅದರ ಮುಂದೆ ಮೊಣಕಾಲೂರಿ ಸೆರಗು ಒಡ್ಡಿದಳು. ರಾಮಥಾಳದಲ್ಲಿ ಗುರುಲಿಂಗವ್ವ ಬೊಗಸೆ ಅಕ್ಕಿಯನ್ನು ತನ್ನ ತಟ್ಟೆಗೇ ಸುರಿದಳು. ಸೆರಗಿಗೆ ಏನೂ ಬೀಳಲಿಲ್ಲ. ಆದರೂ ಅವಳು ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು ಎಂದು ಬಾಗಿಲ ಮರೆಯಿಂದ ನೋಡಿದ ಪ್ರಿಯದರ್ಶಿನಿ ಹೇಳುತ್ತಾಳೆ.

"ಈ ಸಾಮಾನ ಇಟ್ಟಿರ್ತೀನಿ," ಎಂದಿದ್ದಳು ಗುರುಲಿಂಗವ್ವ. "ಒಂದಿನ ಬಂದು ಖರೆ ತುಂಬ್ತೀನಿ. ಅಲ್ಲೀತನ ಬದಕಿರು."

ಗುಂಪು ಸೇರಿ ಎರಡು ವರ್ಷವಾಗುತ್ತ ಬಂದ ದೀಪಾವಳಿಯ ಹೊತ್ತಿಗೆ ಮುತ್ತವ್ವನ ಅಂಕಿ ಇಪ್ಪತ್ತೆಂಟಕ್ಕೆ ಬಂದಿತ್ತು. ಕೊಂಡಿ ಹಾಕಲು ಕುಳಿತವಳು ಅರ್ಧಕ್ಕೇ ಗೋಡೆಗೆ ಒರಗುತ್ತಿದ್ದಳು. ಹಿತ್ತಲಿನಿಂದ ನೀರಿನ ಕೊಡ ತರುವುದನ್ನು ಅಮೀನಪ್ಪ ತನ್ನ ಕೆಲಸ ಮಾಡಿಕೊಂಡ. ಆದರೆ ಗುಂಪಿನಲ್ಲಿ ಇಪ್ಪತ್ತೆಂಟು ದೊಡ್ಡ ಅಂಕಿ. ಶಂಕ್ರಪ್ಪ ಹದಿನೈದರ ಗೆರೆಯನ್ನು ನೋಡುತ್ತಿದ್ದರು, ಇಳಿಜಾರನ್ನು ನೋಡಲಿಲ್ಲ. ಗೆರೆಗೆ ಇನ್ನೂ ಬಹಳ ಅಂತರವಿದೆ ಎಂದೇ ಅವರಿಗೆ ಕಂಡಿತು. ಚಳಿಗೆ ಎಲ್ಲರದೂ ತುಸು ಇಳಿದಿತ್ತು ಕೂಡ. ಆರು ತಿಂಗಳಿಗೊಮ್ಮೆ ಬಾಗಲಕೋಟೆಗೆ ತೋರಿಸಲು ಹೋಗಬೇಕಿತ್ತು. ಬಸ್ಸಿನ ಮೆಟ್ಟಿಲು ಹತ್ತುವುದೇ ಕಷ್ಟವಾಗಿ ಮುತ್ತವ್ವ ಸಂಕ್ರಮಣ ಕಳೆಯಲಿ ಎಂದಳು. ಅಂಕಿ ಚೆನ್ನಾಗಿದೆಯಲ್ಲ ಎಂದು ಎಲ್ಲರೂ ಒಪ್ಪಿದರು.

ಒಪ್ಪದವಳು ಗುರುಲಿಂಗವ್ವ ಒಬ್ಬಳೇ. ಅವಳಿಗೆ ಗೆರೆ, ಇಳಿಜಾರು ಯಾವುದೂ ತಿಳಿಯದು. ಮುತ್ತವ್ವ ಮೊದಲು ಒಂದು ಸಂದೇಶವನ್ನು ಎರಡು ಉಸಿರಿನಲ್ಲಿ ಮುಗಿಸುತ್ತಿದ್ದಳು. ಈಗ ನಾಲ್ಕು ಬೇಕಾಗುತ್ತಿದೆ ಎಂಬುದು ಅವಳ ಕಿವಿಗೆ ತಿಳಿದಿತ್ತು. ಅವಳು ಶಂಕ್ರಪ್ಪನವರಿಗೆ ಫೋನ್ ಮಾಡಿದಳು.

"ಅಣ್ಣಾರ, ಅಕಿ ದನಿ ಸುಮಾರ ಐತ್ರಿ."

"ನಂಬರ ಛಲೋ ಐತೆಲ್ಲ ಗುರುಲಿಂಗವ್ವಾರ. ನಿಮ್ಮದs ಇಪ್ಪತ್ತಮೂರ ಐತಿ, ಅಕಿದು ಇಪ್ಪತ್ನಾಕ. ನಿಮಗಿಂತ ಒಂದ ಹೆಚ್ಚs ಐತಿ."

"ನಂದು ಇಪ್ಪತ್ತಮೂರ ಇದ್ದು ನಾ ಎಮ್ಮಿ ಹಿಂಡ್ತೀನಿ. ಅಕಿಗೆ ಸೂಜಿ ಎತ್ತಾಕ ಆಗವಲ್ದು. ಇದ್ಯಾವ ಲೆಕ್ಕ?"

ಶಂಕ್ರಪ್ಪ, ಮನಸ್ಸಿನ ಚಿಂತೆ ಇರಬಹುದು ಎಂದರು. ಗುರುಲಿಂಗವ್ವ ಫೋನಿಟ್ಟು, ಉಡಿ ತುಂಬಲು ಎತ್ತಿಟ್ಟಿದ್ದ ಖಣದ ಗಂಟು ಹುಡುಕಿದಳು.

ಅವಳು ಇಳಕಲ್ಲಿಗೆ ಬಂದದ್ದು ಜನವರಿಯ ಮೂರನೆಯ ವಾರ, ಗುರುವಾರ ಸಂಜೆ. ಇಬ್ಬರೂ ಹೊಸ್ತಿಲಲ್ಲಿ ಒಬ್ಬರನ್ನೊಬ್ಬರು ನೋಡಿದರು. ಮುತ್ತವ್ವ, "ಫೋನಿನಾಗ ದಪ್ಪ ಕಾಣ್ತಿದ್ದಿ," ಎಂದಳು. ಗುರುಲಿಂಗವ್ವ, "ನೀ ಫೋನಿನಾಗ ಬದಕಿದಂಗ ಕಾಣ್ತಿದ್ದಿ," ಎಂದಳು. ಹಾಗೆಂದವಳೇ ಅತ್ತಳು. ಅಮೀನಪ್ಪ ಚಾಪೆ ಹಾಸಿ, ಏನು ಮಾಡಬೇಕೆಂದು ತಿಳಿಯದೆ ಮಗ್ಗದ ಕುಣಿಗೆ ಇಳಿದ.

ಮರುದಿನ ಬೆಳಿಗ್ಗೆ ಮುತ್ತವ್ವ ಎಂದಿನಂತೆ ಕಲ್ಲಿನ ಮೇಲೆ ಕುಳಿತಳು. ಗುರುಲಿಂಗವ್ವ ಚಹಾದ ಲೋಟ ಹಿಡಿದು ಎದುರಿಗೆ ಕುಳಿತಿದ್ದಳು. ಮುತ್ತವ್ವ ಉಸಿರು ತುಂಬಿಕೊಂಡು ಶುರು ಮಾಡಿದಳು.

"ಎರಡ, ನಾಕ, ಆರ, ಎಂಟ, ಹತ್ತ..."

ಇಪ್ಪತ್ತೆರಡಕ್ಕೆ ಸ್ವರ ನಿಂತಿತು. ಪ್ರಿಯದರ್ಶಿನಿ ಅಂಕಿ ಹಾಕಲು ಮೊಬೈಲ್ ಎತ್ತಿದಳು.

"ಏನವಾ ಅದು?" ಎಂದಳು ಗುರುಲಿಂಗವ್ವ.

"ಏನ ಯಕ್ಕಾ?"

"ಒಂದ ಎಲ್ಲಿ ಹೋತು? ಮೂರ ಎಲ್ಲಿ ಹೋತು?"

ಮುತ್ತವ್ವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಒಂದೊಂದ ಎಳಿ ಯಾರ ಎಣಸ್ತಾರ? ಕೊಂಡಿ ಅಂದ್ರ ಎರಡ ಎಳಿ. ಎಣಸೋದಂದ್ರ ಎರಡ, ನಾಕ, ಆರ ಹಿಂಗ."

ಗುರುಲಿಂಗವ್ವ ಮೊದಲು ನಕ್ಕಳು. "ಹಾಂಗೇನ! ನಾವೂ ಜೋಳ ಅಳಿವಾಗ ಒಂದ ಅನ್ನಂಗಿಲ್ಲವಾ. ಲಾಭ ಅಂತೀವಿ. ಲಾಭ, ಎರಡ, ಮೂರ... ನೀವು ನಮಗಿಂತ ಹುಚ್ಚರ." ನಗುತ್ತಲೇ ಬೆರಳು ಮಡಚತೊಡಗಿದಳು. ಎರಡಕ್ಕೆ ಒಂದು ಬೆರಳು, ನಾಲ್ಕಕ್ಕೆ ಒಂದು, ಆರಕ್ಕೆ ಒಂದು. ಎರಡೂ ಕೈಯ ಬೆರಳು ಮುಗಿದವು, ಇನ್ನೊಂದು ಬೇಕಾಯಿತು. ನಗು ನಿಂತಿತು.

"ಹನ್ನೊಂದ," ಎಂದಳು. "ತಂಗಿ, ನೀ ಹನ್ನೊಂದs ಮಾತ ಆಡಿದಿ."

ಅಮೀನಪ್ಪ ಬಾಗಿಲಿಂದ ಕೇಳಿದ: "ಅದ್ರಾಗ ತಪ್ಪೇನೈತ್ರಿ ಅಕ್ಕಾರ? ಅಕಿ ದಿನಾ ಹಾಂಗs ಎಣಸ್ತಾಳು."

ಅವನು ಹೇಳಿದ್ದು ನಿಜ. ಎರಡು ವರ್ಷ ಅವನು ದಿನಾ ಅದನ್ನು ಕೇಳಿದ್ದ. ಪ್ರಿಯದರ್ಶಿನಿಯೂ ಕೇಳಿದ್ದಳು. ಕೊಂಡಿ ಹಾಕುವ ಮನೆಯಲ್ಲಿ ಅದು ಎಣಿಕೆಯ ಸದ್ದು, ಅಷ್ಟೇ. ಅವಳು ಒಂದು, ಎರಡು, ಮೂರು ಎಂದು ಎಣಿಸಿದ್ದರೆ ಆ ಮನೆಯವರಿಗೆ ಏನೋ ಬದಲಾಗಿದೆ ಅನ್ನಿಸುತ್ತಿತ್ತು.

ಗುರುಲಿಂಗವ್ವ ಶಂಕ್ರಪ್ಪನವರಿಗೆ ಫೋನ್ ಹಚ್ಚಿದಳು. ವಿಷಯ ಕೇಳಿ ಅವರು ಗುಂಪಿನ ಹಳೆಯ ಅಂಕಿಗಳನ್ನು ತೆಗೆದು ನೋಡಿದರು. ಇಪ್ಪತ್ತೆಂಟರ ಅರ್ಧ ಹದಿನಾಲ್ಕು. ದೀಪಾವಳಿಗೇ ಮುತ್ತವ್ವ ಗೆರೆ ದಾಟಿ ಕೆಳಗೆ ಹೋಗಿದ್ದಳು. ಆ ವಾರವೇ ಶಂಕ್ರಪ್ಪ ಅವಳ ಹೆಸರು ಹೇಳಿ ಇಡೀ ಗುಂಪಿಗೆ ಧೈರ್ಯ ತುಂಬಿದ್ದರು.

"ಇವತ್ತs ಕರಕೊಂಡ ಬರ್ರಿ ಬಾಗಲಕೋಟಿಗೆ," ಎಂದರು ಕೊನೆಗೆ. "ಬಸ್ಸ ಬ್ಯಾಡ. ನಾ ಗಾಡಿ ಕಳಸ್ತೀನಿ. ಈಗs."

ಗಾಡಿ ಬರುವವರೆಗೆ ಒಂದು ತಾಸು ಇತ್ತು. ಶುಕ್ರವಾರ. ಮುತ್ತವ್ವ ಸೀರೆ ಉಟ್ಟು ಬಂದು ಚಾಪೆಯ ಮೇಲೆ ಕುಳಿತಳು. ಗುರುಲಿಂಗವ್ವ ಗಂಟು ಬಿಚ್ಚಿ ಉಡಿ ತುಂಬಿದಳು. ಅಕ್ಕಿ ಈ ಸಲ ಸೆರಗಿಗೆ ಬಿತ್ತು. ಮಹಾನಂದಾ ತನ್ನ ಕಟ್ಟೆಯಿಂದ ನೋಡುತ್ತ ನಿಂತಿದ್ದಳು. ಗುರುಲಿಂಗವ್ವ ಅವಳಿಗೆ ಕೇಳುವಂತೆ, "ಎತ್ತಿ ಕಟ್ಟಿಕೋ ತಂಗಿ, ಚೆಲ್ಲೀತು," ಎಂದಳು. ಎತ್ತಿ ಕಟ್ಟಿಕೊಳ್ಳುವಷ್ಟು ಉಸಿರು ಮುತ್ತವ್ವನಲ್ಲಿರಲಿಲ್ಲ. ಪ್ರಿಯದರ್ಶಿನಿ ಕಟ್ಟಿದಳು.

ಆಸ್ಪತ್ರೆಯಲ್ಲಿ ಯಂತ್ರದ ಪರೀಕ್ಷೆ, ಮತ್ತೊಂದು ಸ್ಕ್ಯಾನ್ ಆದವು. ಮೂಗಿಗೆ ಆಮ್ಲಜನಕದ ನಳಿಗೆ ಬಂತು. ಗುಳಿಗೆ ಶುರು ಮಾಡಿದರು. ಡಾಕ್ಟರು ಅಮೀನಪ್ಪನನ್ನು ಕೂಡಿಸಿಕೊಂಡು ಚಿತ್ರ ತೋರಿಸಿದರು. ಅರ್ಧಕ್ಕಿಂತ ಹೆಚ್ಚು ಭಾಗ ಬೆಳ್ಳಗೆ ಕಾಣುತ್ತಿತ್ತು. "ದೀಪಾವಳಿಗೆ ಬಂದಿದ್ರ?" ಎಂದು ಅಮೀನಪ್ಪ ಕೇಳಿದ. ಬದುಕುತ್ತಿದ್ದಳು ಎಂದು ಡಾಕ್ಟರು ಹೇಳಲಿಲ್ಲ. ಇನ್ನೊಂದಿಷ್ಟು ದಿನ ಸಿಗಬಹುದಿತ್ತು ಎಂದರು.

ಗುಂಪಿನಲ್ಲಿ ಸುದ್ದಿ ತಿಳಿದ ದಿನ ಬಹಳ ಮಾತಾಯಿತು. ಕೆಲವರು ಅಯ್ಯೋ ಎಂದರು. ಕೆಲವರು ಸಿಟ್ಟಾದರು, ಇಷ್ಟು ದಿನ ಸುಳ್ಳು ಅಂಕಿ ನೋಡಿ ನಾವು ಹುಚ್ಚರಾದೆವು ಎಂದು ಬಾದಾಮಿಯ ಒಬ್ಬರು ಬರೆದರು. ಶಂಕ್ರಪ್ಪ, ತಪ್ಪು ಎಣಿಸಿದವಳದಲ್ಲ, ಕೇಳದೆ ಬರೆದುಕೊಂಡವನದು ಎಂದು ಹಾಕಿದರು.

ಅಯೂಬ ಏನೂ ಹಾಕಲಿಲ್ಲ. ನವನಗರದಿಂದ ರಿಕ್ಷಾದಲ್ಲಿ ಬಂದು, ಆಸ್ಪತ್ರೆಯ ಮೆಟ್ಟಿಲುಗಳನ್ನು ಕೂತು ಕೂತು ಹತ್ತಿ, ಮುತ್ತವ್ವನ ಮಂಚದ ಹತ್ತಿರ ನಿಂತ. ಇಬ್ಬರೂ ತೇಕುತ್ತಿದ್ದರು. ಮಾತು ಶುರುವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಅಕ್ಕಾರ, ನಿಮ್ಮ ನಂಬರ ನೋಡಿ ನಾ ಹಾಸಿಗಿ ಬಿಟ್ಟ ಎದ್ದೆ," ಎಂದ ಅಯೂಬ. "ಒಬ್ಬ ಹೆಣಮಗಳು ಮೂವತ್ತ ಮಾಡ್ತಾಳು, ನನಗೇನ ಧಾಡಿ ಅಂತ ದಿನಾ ಅಡ್ಡಾಡಿದೆ. ಈಗ ಅದು ಸುಳ್ಳ ಅಂದ್ರ ನಾ ಯಾವದನ್ನ ನೋಡಿ ಎದ್ದೆ?"

"ಸುಳ್ಳಲ್ಲಪಾ ತಮ್ಮಾ. ಜೋಡಿ." ಅವಳು ಗಾಳಿಗಾಗಿ ನಿಂತಳು. "ನಿಂದೀಗ ಎಷ್ಟು?"

"ಇಪ್ಪತ್ತೊಂದ. ಇವತ್ತ ಮುಂಜಾನಿದು."

"ಒಂದೊಂದs ಎಣಸಿದ್ದೇನು?"

"ಹೂಂರಿ."

"ಹಂಗಾರ ನಿಂದು ಖರೆ ಐತೆಲ್ಲ."

ಅಯೂಬ ಮಂಚದ ಕಾಲಿನ ಹತ್ತಿರದ ಸ್ಟೂಲಿನ ಮೇಲೆ ಸಂಜೆಯವರೆಗೆ ಕುಳಿತಿದ್ದ. ಹೋಗುವಾಗ ಅಮೀನಪ್ಪನ ಕೈ ಹಿಡಿದು, ಬೆಳಿಗ್ಗೆ ಚಹಾ ತಾನೇ ಮನೆಯಿಂದ ಕಳಿಸುವುದಾಗಿ ಹೇಳಿದ. ಆಮೇಲೆ ದಿನವೂ ಚಹಾ ಬಂತು. ಹುನಗುಂದದಿಂದ ಶಂಕ್ರಪ್ಪ ಊಟ ಕಳಿಸಿದರು. ಸಿಟ್ಟಾಗಿದ್ದ ಬಾದಾಮಿಯವರು ಒಂದು ಮಧ್ಯಾಹ್ನ ತಾವೇ ಬಂದು ವಾರ್ಡಿನ ಬಾಗಿಲಲ್ಲಿ ಕೈಮುಗಿದು, ಒಳಗೆ ಬಾರದೆ ಹೋದರು. ಗುರುಲಿಂಗವ್ವ ಎಮ್ಮೆಯನ್ನು ಸೊಸೆಗೆ ಒಪ್ಪಿಸಿ ಅಲ್ಲೇ ಉಳಿದಳು. ಕಟ್ಟೆಯವರು ಬಿಟ್ಟ ಮುತ್ತವ್ವನ ಬಳಿ, ಎರಡು ವರ್ಷ ಬರೀ ಹೆಸರು ಮತ್ತು ದನಿಯಾಗಿದ್ದವರು ಒಬ್ಬರಾದ ಮೇಲೆ ಒಬ್ಬರು ಬಂದು ಕುಳಿತರು. ಬಂದವರೆಲ್ಲರೂ ಮೊದಲು ತಮ್ಮ ಉಸಿರು ಸರಿ ಮಾಡಿಕೊಂಡು ಆಮೇಲೆ ಅವಳನ್ನು ಮಾತಾಡಿಸುತ್ತಿದ್ದರು.

ಗುಳಿಗೆ ಕೆಲಸ ಮಾಡಲು ಸಮಯ ಬೇಕು. ಆ ಸಮಯ ಅವಳಲ್ಲಿರಲಿಲ್ಲ. ಫೆಬ್ರವರಿಯ ಎರಡನೆಯ ವಾರದ ಒಂದು ಬೆಳಿಗ್ಗೆ, ಗುರುಲಿಂಗವ್ವ ತಲೆ ಬಾಚುತ್ತಿದ್ದಾಗ, ಮುತ್ತವ್ವ ತೀರಿಕೊಂಡಳು. ಜಡೆ ಅರ್ಧ ಹೆಣೆದಿತ್ತು. ಗುರುಲಿಂಗವ್ವ ಯಾರನ್ನೂ ಕೂಗದೆ ಅದನ್ನು ಪೂರ್ತಿ ಹೆಣೆದು, ತುದಿ ಕಟ್ಟಿ, ಆಮೇಲೆ ಅಮೀನಪ್ಪನನ್ನು ಕರೆದಳು. ಅಂದು ಗುಂಪಿನಲ್ಲಿ ಯಾರೂ ಅಂಕಿ ಹಾಕಲಿಲ್ಲ.

ಈಗ ಹೊಸಬರು ಸೇರಿದರೆ ಶಂಕ್ರಪ್ಪ ಮೊದಲ ಎಣಿಕೆಯನ್ನು ತಾವೇ ಫೋನಿನಲ್ಲಿ ಕೇಳುತ್ತಾರೆ. ವಾರಕ್ಕೊಮ್ಮೆ ಎಲ್ಲರೂ ಧ್ವನಿಯಲ್ಲೇ ಕಳಿಸಬೇಕು. ಕೆಮ್ಮು ಕೇಳಬೇಕಾಗುತ್ತದೆ ಎಂದು ಅಯೂಬ ಈಗ ತಕರಾರು ಮಾಡುವುದಿಲ್ಲ. ಅಮೀನಪ್ಪ ಮಗ್ಗ ನಡೆಸುತ್ತಾನೆ. ಕೊಂಡಿ ಹಾಕಲು ಪ್ರಿಯದರ್ಶಿನಿ ಕಾಲೇಜು ಮುಗಿಸಿ ಬಂದು ಕೂಡುತ್ತಾಳೆ. ಅವಳೂ ಎರಡೆರಡೇ ಎಣಿಸುತ್ತಾಳೆ. ಎಳೆಯ ಮಟ್ಟಿಗೆ ಅದೇ ಸರಿ.

ಗುಂಪಿನಲ್ಲಿ ಮುತ್ತವ್ವನ ಒಂದು ಧ್ವನಿ ಸಂದೇಶ ಉಳಿದಿದೆ. ಸಾಯುವ ಕೆಲವು ದಿನ ಮೊದಲು ಕಳಿಸಿದ್ದು. ತನ್ನ ಅಂಕಿಯನ್ನು ತಾನೇ ಸರಿಪಡಿಸಬೇಕೆಂದು ಅವಳು ಹಟ ಹಿಡಿದಿದ್ದಳು. ಬೇಡವೆಂದರೂ ಕೇಳದಿದ್ದಾಗ ಶೈಲಾ ಮಂಚದ ಪಕ್ಕ ಕುಳಿತು ಮೊಬೈಲ್ ಹಿಡಿದಳು. ಸಂದೇಶದಲ್ಲಿ ಮೊದಲು ನಳಿಗೆಯ ಸದ್ದು ಕೇಳುತ್ತದೆ, ಆಮೇಲೆ ಉಸಿರು ಎಳೆದುಕೊಳ್ಳುವುದು. ಒಂದು ಎಂದು ಶುರು ಮಾಡುತ್ತಾಳೆ. ಎರಡಾದ ಮೇಲೆ ನಾಲಿಗೆ ಮುಂದಿನ ಜೋಡಿಗೆ ಹೊರಟು, ತಡೆದು, ಮೂರಕ್ಕೆ ತಿರುಗುತ್ತದೆ. ಆ ತಡೆಯುವುದರಲ್ಲೂ ಒಂದಿಷ್ಟು ಗಾಳಿ ಹೋಗುತ್ತದೆ. ಒಂದೊಂದನ್ನೇ ಹೇಳುತ್ತ ಹೋಗಿ ಸ್ವರ ಮುಗಿಯುತ್ತದೆ. "ಸಾಕ್ರಿ ಅಕ್ಕಾರ," ಎಂಬ ಶೈಲಾಳ ದನಿ. ನಂತರ ಎರಡು ಸಲ ಗಾಳಿ ಎಳೆದುಕೊಂಡು ಮುತ್ತವ್ವ ಹೇಳುತ್ತಾಳೆ:

"ಬರಕೋರಿ ಶಂಕ್ರಪ್ಪಣ್ಣಾರ. ಎಂಟ."